ತಪಾಸಣೆ, ಪಥ್ಯ, ಪಡಿತರ

ಉಡುಪಿ ಜಿಲ್ಲೆಗೆ ಆಸ್ಪತ್ರೆಗಳ ಬರ ಎಂದೂ ಇದ್ದಂತಿಲ್ಲ. ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಮಿಷನ್ ಆಸ್ಪತ್ರೆ ನೂರು ವರ್ಷ ದಾಟಿದೆ, ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಎಂಟು ವರ್ಷಗಳಲ್ಲಿ ಅಲ್ಲಿಯೇ ದೊಡ್ಡ ಆಸ್ಪತ್ರೆಯೂ ತಲೆ ಎತ್ತಿತು. ಕಾರ್ಕಳದ ರೋಟರಿ ಆಸ್ಪತ್ರೆಯೂ ಅದೇ ಪೈ ಅವರ ಹೆಸರನ್ನು ಹೊತ್ತಿದೆ. ಇಷ್ಟಿದ್ದೂ ಈ ಜಿಲ್ಲೆಯ ಆರೋಗ್ಯದ ಚರಿತ್ರೆಯನ್ನು ಹಾಸಿಗೆಗಳ ಲೆಕ್ಕದಿಂದ ಬರೆಯಲು ಬರುವುದಿಲ್ಲ. ಆಸ್ಪತ್ರೆಯ ಹೊರಗೆ, ಇನ್ನೂ ರೋಗಿಗಳಾಗದವರ ನಡುವೆ ನಡೆಯುವ ಕೆಲಸವೊಂದಿದ್ದು, ವೈದ್ಯಕೀಯ ಶಿಕ್ಷಣದಲ್ಲಿ ಅದಕ್ಕೆ ಸಮುದಾಯ ವೈದ್ಯಶಾಸ್ತ್ರವೆಂದು ಹೆಸರು. ರೋಗಿಯು ತನ್ನ ಬಳಿಗೆ ಬರಲೆಂದು ವೈದ್ಯನು ಕಾಯುವ ಬದಲು, ಒಂದು ಊರಿನ ಎಲ್ಲ ಮನೆಗಳನ್ನೂ ತನ್ನ ಹೊಣೆಯೆಂದು ಭಾವಿಸಿ, ಅಲ್ಲಿನ ಗರ್ಭಿಣಿಯರು, ಶಿಶುಗಳು ಮತ್ತು ವೃದ್ಧರ ಪಟ್ಟಿಯನ್ನಿಟ್ಟುಕೊಂಡು ಮನೆಬಾಗಿಲಿಗೆ ಹೋಗುವುದೇ ಅದರ ಕ್ರಮ.

ಮಣಿಪಾಲದ ಕಾಲೇಜು ಈ ಕ್ರಮಕ್ಕೆ ಕೊಟ್ಟ ರೂಪವೆಂದರೆ ಗ್ರಾಮೀಣ ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಗಳು. ಮಲ್ಪೆ, ಉದ್ಯಾವರ, ಅಲೆವೂರು, ಕಾಪು, ಪಡುಬಿದ್ರಿ ಮೊದಲಾದ ಕಡೆಗಳಲ್ಲಿ ನೆಲೆಗೊಂಡ ಈ ಕೇಂದ್ರಗಳು ಹೆಸರೇ ಹೇಳುವಂತೆ ಮೊದಲಿಗೆ ಹೆರಿಗೆಯ ಸಲುವಾಗಿ ಹುಟ್ಟಿದವು. ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲಿಯೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ, ತರಬೇತಿ ಪಡೆದ ದಾದಿಯೊಬ್ಬರು ಊರಿನಲ್ಲಿಯೇ ವಾಸವಿದ್ದು, ಸರಳ ಹೆರಿಗೆಗಳನ್ನು ತಾವೇ ಮಾಡಿಸಿ, ತೊಡಕಿನವನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಅದಾಗಿತ್ತು. ಹೆರಿಗೆಗಳೆಲ್ಲ ದೊಡ್ಡ ಆಸ್ಪತ್ರೆಗಳಿಗೆ ಸರಿದ ಮೇಲೂ ಕೇಂದ್ರಗಳು ಉಳಿದುಕೊಂಡವು. ದಾದಿಯ ಮನೆಭೇಟಿ, ಲಸಿಕೆ, ಕುಟುಂಬವಾರು ದಾಖಲೆ ಹಾಗೂ ವೈದ್ಯ ವಿದ್ಯಾರ್ಥಿಗಳ ಕ್ಷೇತ್ರಾಧ್ಯಯನಗಳು ಅವುಗಳ ಮುಖ್ಯ ಕೆಲಸವಾದವು. 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಉಳಿತಾಯ ಸಂಗ್ರಹಿಸಲು ಏಜೆಂಟರನ್ನು ಕಳುಹಿಸಿದ ಬ್ಯಾಂಕನ್ನು ಕಟ್ಟಿದವರಲ್ಲಿ ಪೈ ಅವರೂ ಒಬ್ಬರು ಎಂಬುದನ್ನು ನೆನೆದರೆ, ದಾದಿಯು ಮನೆಮನೆಗೆ ಹೋಗುವ ಈ ಪದ್ಧತಿಯ ಹಿಂದಿನ ಮನೋಧರ್ಮ ಎಲ್ಲಿಯದೆಂಬುದು ಊಹಿಸಲಾಗದ ಸಂಗತಿಯೇನಲ್ಲ.

ಕೆಲಸದ ಸ್ವರೂಪ ಬದಲಾದುದಕ್ಕೆ ಜಿಲ್ಲೆಯ ಜನಸಂಖ್ಯೆಯ ರಚನೆಯೂ ಕಾರಣ. 2011ರ ಜನಗಣತಿಯಂತೆ ಉಡುಪಿಯಲ್ಲಿ ಪ್ರತಿ 1000 ಪುರುಷರಿಗೆ 1094 ಮಹಿಳೆಯರಿದ್ದಾರೆ. ಮುಂಬಯಿಯ ಹೋಟೆಲುಗಳಿಗೆ, ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ಗಂಡಸರ ಗೈರುಹಾಜರಿ ಈ ಅಂಕಿಯಲ್ಲಿ ಕಾಣುತ್ತದೆ. ಊರಿನ ಮನೆಯಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದ ತಾಯಿ ತಂದೆಯರು; ಅವರನ್ನು ಕಾಡುವುದು ಬಿ.ಪಿ. ಮತ್ತು ಶುಗರ್, ಅಂದರೆ ರಕ್ತದ ಏರೊತ್ತಡ ಮತ್ತು ಮಧುಮೇಹ. ಈ ಎರಡೂ ವರ್ಷಗಟ್ಟಲೆ ನೋವಿಲ್ಲದೆ ಒಳಗೇ ಬೆಳೆಯುವುದರಿಂದ, ಆರಾಮಿದ್ದೇನೆಂದು ಹೇಳುವವರನ್ನೂ ಪರೀಕ್ಷಿಸಬೇಕಾಗುತ್ತದೆ. ತಪಾಸಣೆಯೆಂದರೆ ಇದೇ. ಅದು ರೋಗನಿರ್ಣಯವಲ್ಲ, ಸಂಶಯವಿರುವವರನ್ನು ಉಳಿದವರಿಂದ ಬೇರ್ಪಡಿಸುವ ಜರಡಿ ಮಾತ್ರ.

ಸರ್ಕಾರದ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮ 2010ರಲ್ಲಿ ಆರಂಭವಾಗಿ, ಈಗ 30 ವರ್ಷ ದಾಟಿದ ಎಲ್ಲರನ್ನೂ ತಪಾಸಣೆಯ ವ್ಯಾಪ್ತಿಗೆ ತಂದಿದೆ. ಮೊದಲ ಹೆಜ್ಜೆ ಆಶಾ ಕಾರ್ಯಕರ್ತೆಯದು. ಅದೇ ಊರಿನ ಮಹಿಳೆಯಾದ ಆಕೆ ನಮೂನೆಯೊಂದನ್ನು ಹಿಡಿದು ಮನೆಗೆ ಬಂದು, ವಯಸ್ಸು, ಬೀಡಿ ಅಥವಾ ಹೊಗೆಸೊಪ್ಪಿನ ಬಳಕೆ, ಮದ್ಯ, ದೈಹಿಕ ಚಟುವಟಿಕೆ, ಮನೆತನದಲ್ಲಿನ ಕಾಯಿಲೆಗಳನ್ನು ಕೇಳಿ, ಟೇಪು ಸುತ್ತಿ ಸೊಂಟದ ಅಳತೆ ತೆಗೆದು, ಪ್ರತಿಯೊಂದಕ್ಕೂ ಅಂಕ ಕೊಡುತ್ತಾಳೆ. ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದ ಸೊಂಟಕ್ಕೆ ಅಂಕ ಏರುತ್ತದೆ. ಒಟ್ಟು ನಾಲ್ಕನ್ನು ಮೀರಿದವರನ್ನು ಮೊದಲು ಪರೀಕ್ಷೆಗೆ ಕರೆಯಬೇಕು. ಆರೋಗ್ಯ ಉಪಕೇಂದ್ರದಲ್ಲಿ ಒತ್ತಡ 140/90 ಅಥವಾ ಅದಕ್ಕೆ ಮೇಲಿದ್ದರೆ, ಬೆರಳ ತುದಿಯ ಹನಿ ರಕ್ತದಲ್ಲಿ ಸಕ್ಕರೆ 140 ಮಿಲಿಗ್ರಾಂ ಮುಟ್ಟಿದರೆ ವೈದ್ಯರ ಬಳಿಗೆ ಚೀಟಿ ಬರೆಯಲಾಗುತ್ತದೆ. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ. ಗರ್ಭಕೊರಳಿಗೆ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಸವರಿ, ಒಂದು ನಿಮಿಷದ ನಂತರ ಬೆಳ್ಳಗಾದ ಭಾಗವಿದೆಯೇ ಎಂದು ನೋಡುವ ಈ ಪರೀಕ್ಷೆಗೆ ಖರ್ಚು ಏನೂ ಇಲ್ಲವೆನ್ನುವಷ್ಟು ಕಡಿಮೆ, ಸಂಕೋಚವೇ ದೊಡ್ಡ ಅಡ್ಡಿ.

ಇಲ್ಲಿ ಶಿಬಿರಗಳ ಬಗ್ಗೆ ಒಂದು ಮಾತು ಹೇಳಬೇಕಾಗುತ್ತದೆ. ಯುವಕ ಮಂಡಲ, ಭಜನಾ ಮಂದಿರ, ಚರ್ಚಿನ ಸಭಾಂಗಣ, ಲಯನ್ಸ್ ಮತ್ತು ರೋಟರಿ ಸಂಸ್ಥೆಗಳು ಆದಿತ್ಯವಾರ ನಡೆಸುವ ಉಚಿತ ಆರೋಗ್ಯ ತಪಾಸಣಾ ಶಿಬಿರ ಕರಾವಳಿಯ ಸಾರ್ವಜನಿಕ ಜೀವನದ ಅವಿಭಾಜ್ಯ ಅಂಗ. ಶಾಮಿಯಾನ, ಬ್ಯಾನರು, ಸಭಾ ಕಾರ್ಯಕ್ರಮಗಳಿಲ್ಲದ ಶಿಬಿರ ಅಪರೂಪ. ಜನರನ್ನು ಒಂದೆಡೆ ಸೇರಿಸುವ ಈ ಶಕ್ತಿ ಅಲ್ಪವಾದುದಲ್ಲ. ಆದರೆ ಶಿಬಿರದಲ್ಲಿ ಸಿಗುವ ಅಂಕಿ ಒಂದು ದಿನದ್ದು, ಏರೊತ್ತಡದ ಚಿಕಿತ್ಸೆ ಜೀವನಪರ್ಯಂತದ್ದು. ಚೀಟಿಯಲ್ಲಿ 170 ಎಂದು ಬರೆಸಿಕೊಂಡವರು ಎರಡನೆಯ ಬಾರಿ ಯಾರ ಬಳಿ ಅಳತೆ ಮಾಡಿಸಿಕೊಂಡರು, ಮಾತ್ರೆ ಆರಂಭಿಸಿದರೇ, ತಲೆ ಸುತ್ತಿದ ದಿನ ಮಾತ್ರ ನುಂಗಿ ಉಳಿದ ದಿನ ಬಿಟ್ಟರೇ ಎಂಬುದನ್ನು ಸಂಘಟಕರ ಪುಸ್ತಕ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಆಶಾ, ಉಪಕೇಂದ್ರದ ದಾದಿ, ಇಲ್ಲವೇ ಮೇಲೆ ಹೇಳಿದ ಕೇಂದ್ರಗಳಂತೆ ಊರಿನಲ್ಲಿಯೇ ಬೇರೂರಿದ ಸಂಸ್ಥೆ. ಶಿಬಿರದ ಪಟ್ಟಿ ಮರುದಿನವೇ ಅವರ ಕೈ ಸೇರುವ ಏರ್ಪಾಡಿದ್ದರೆ ಮಾತ್ರ ಆದಿತ್ಯವಾರದ ಶ್ರಮ ಸಾರ್ಥಕವೆನ್ನಬಹುದು.

ದಿನದ ಆಯ್ಕೆಯೂ ಸಣ್ಣ ವಿಷಯವಲ್ಲ. ಮಲ್ಪೆ ಬಂದರಿನಿಂದ ಆಳಸಮುದ್ರಕ್ಕೆ ಹೊರಟ ಬೋಟುಗಳು ಹತ್ತು ದಿನ ಕಳೆದರೂ ದಡಕ್ಕೆ ಬಾರದಿರುವುದುಂಟು. ಹೀಗಾಗಿ ಕಡಲತೀರದ ಶಿಬಿರಗಳಲ್ಲಿ ಸಾಲು ನಿಲ್ಲುವವರು ಹೆಂಗಸರು ಮತ್ತು ವೃದ್ಧರೇ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಅದೇ ಗಂಡಸರು ಬಲೆ ಹೆಣೆಯುತ್ತ ಊರಿನಲ್ಲಿಯೇ ಇರುತ್ತಾರೆ. ಮಳೆಗೆ ಶಾಮಿಯಾನ ನಿಲ್ಲದು ಎಂಬ ತಕರಾರನ್ನು ಬದಿಗಿಟ್ಟರೆ, ಅವರ ಒತ್ತಡ ಅಳೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕಾರ್ಕಳದ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವ ಮಹಿಳೆಯರಿಗೂ ಇದೇ ಮಾತು ಅನ್ವಯಿಸುತ್ತದೆ: ಕೆಲಸದ ಹೊತ್ತಿನಲ್ಲಿ ಉಪಕೇಂದ್ರಕ್ಕೆ ಹೋದರೆ ಕೂಲಿ ಹೋಗುತ್ತದೆ, ಆದ್ದರಿಂದ ಪರೀಕ್ಷೆಯೇ ಕಾರ್ಖಾನೆಗೆ ಬರಬೇಕು.

ತಪಾಸಣೆಯ ನಂತರದ ಪಾಠ ಊಟದ್ದು. ಪಥ್ಯವೆಂದೊಡನೆ ಚಪಾತಿ ಮತ್ತು ಓಟ್ಸನ್ನು ಸೂಚಿಸುವ ರೂಢಿ ಈ ಜಿಲ್ಲೆಯಲ್ಲಿ ಬಹಳ ದೂರ ಹೋಗಲಾರದು, ಏಕೆಂದರೆ ಇಲ್ಲಿನ ಮನೆಯೂಟ ಕುಚ್ಚಲಕ್ಕಿಯ ಗಂಜಿ. ಭತ್ತವನ್ನು ಸಿಪ್ಪೆಸಹಿತ ನೆನೆಸಿ, ಬೇಯಿಸಿ, ಒಣಗಿಸಿದ ಬಳಿಕ ಗಿರಣಿಗೆ ಹಾಕುವುದರಿಂದ, ತೌಡಿನಲ್ಲಿರುವ ನೀರಿನಲ್ಲಿ ಕರಗುವ ಬಿ ಜೀವಸತ್ವಗಳ ಒಂದಂಶ ಕಾಳಿನ ಒಳಗೆ ಇಳಿದು, ತೌಡು ಹೋದ ಮೇಲೂ ಅಲ್ಲಿಯೇ ಉಳಿಯುತ್ತದೆ. ಅನ್ನ ಬಸಿದಾಗ ಉಳಿಯುವ ತಿಳಿಯನ್ನು ಚೆಲ್ಲದೆ ಕುಡಿಯುವ ಹಳೆಯ ಪದ್ಧತಿ ಪೋಷಣೆಯ ದೃಷ್ಟಿಯಿಂದ ಸರಿಯಾದುದೇ. ಬಸಳೆ, ಹರಿವೆ, ನುಗ್ಗೆಸೊಪ್ಪು, ಹುರುಳಿಯ ಸಾರು, ಒಂದೆಲಗದ ತಂಬುಳಿ, ಬೂತಾಯಿ ಮತ್ತು ಬಂಗುಡೆ ಮೀನು, ಇವುಗಳಲ್ಲಿ ಕಬ್ಬಿಣಾಂಶವೂ ಪ್ರೋಟೀನೂ ಹೃದಯಕ್ಕೆ ಹಿತವಾದ ಕೊಬ್ಬೂ ಸಿಗುತ್ತವೆ. ತೊಂದರೆ ಇರುವುದು ಬೇರೆ ಕಡೆ: ಗಂಜಿಯ ಜೊತೆಗಾರರಾದ ಉಪ್ಪಿನಕಾಯಿ ಮತ್ತು ಒಣಮೀನಿನ ಉಪ್ಪಿನಲ್ಲಿ, ಹಾಗೂ ಗದ್ದೆಯ ಕೆಲಸ ನಿಂತ ಮೇಲೂ ಬಟ್ಟಲಿನ ಅನ್ನದ ಪ್ರಮಾಣ ಕುಗ್ಗದಿರುವುದರಲ್ಲಿ. ಗಂಜಿಯನ್ನೇ ಬಿಡಿ ಎನ್ನುವ ಸಲಹೆಗಿಂತ, ಅನ್ನ ಒಂದು ಸೌಟು ಕಡಿಮೆ, ಪಲ್ಯ ಎರಡು ಸೌಟು ಹೆಚ್ಚು ಎಂಬ ಸಲಹೆ ಅಡುಗೆಮನೆಯನ್ನು ಬೇಗ ಪ್ರವೇಶಿಸುತ್ತದೆ.

ಗರ್ಭಿಣಿಯರ ವಿಷಯದಲ್ಲಿ ಪಾಠ ಇನ್ನೂ ಸೂಕ್ಷ್ಮ. ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆಯಿದೆಯೆಂದು ಪರಿಗಣಿಸಿ, ತಾಯಿ ಕಾರ್ಡಿನಲ್ಲಿ ನಮೂದಿಸಿ, ಕಬ್ಬಿಣಾಂಶದ ಮಾತ್ರೆಗಳ ಪ್ರಮಾಣವನ್ನು ಹೆಚ್ಚಿಸಲಾಗುತ್ತದೆ. ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಚಹಾದಲ್ಲಿನ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತದೆ. ಲಿಂಬೆಯ ಪಾನಕ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಹೀರುವಿಕೆ ಹೆಚ್ಚುತ್ತದೆ. ಸಂಜೆಯ ಚಹಾವನ್ನು ತಪ್ಪಿಸಲು ಯಾರೂ ಸಿದ್ಧರಿರುವುದಿಲ್ಲವಾದ್ದರಿಂದ, ಚಹಾಕ್ಕೂ ಮಾತ್ರೆಗೂ ನಡುವೆ ಒಂದೆರಡು ಗಂಟೆಯ ಅಂತರವಿರಲಿ ಎಂಬಷ್ಟಕ್ಕೆ ದಾದಿಯರು ರಾಜಿಯಾಗುತ್ತಾರೆ.

ಉಪದೇಶದಿಂದ ಹೊಟ್ಟೆ ತುಂಬದೆಂಬ ಅರಿವಿನಿಂದಲೇ ಊಟವನ್ನೇ ಕೊಡುವ ಯೋಜನೆಗಳು ಬಂದವು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಹುಟ್ಟಿದ ಅಂಗನವಾಡಿಗಳು ಅದರ ಬುನಾದಿ. ಕರ್ನಾಟಕವು 2017ರಲ್ಲಿ ಅದೇ ದಿನ ಮಾತೃಪೂರ್ಣ ಯೋಜನೆಯನ್ನು ರಾಜ್ಯದಾದ್ಯಂತ ಜಾರಿಗೆ ತಂದು, ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಗಳಿರುವ ಬಿಸಿಯೂಟ ಮಾಡಬೇಕೆಂದು ಗೊತ್ತುಪಡಿಸಿತು. ಸಾಮಗ್ರಿಯನ್ನು ಮನೆಗೆ ಕೊಟ್ಟರೆ ಅದು ಮನೆಯವರೆಲ್ಲರ ಪಾಲಾಗಿ ಗರ್ಭಿಣಿಗೆ ದಕ್ಕುವುದು ಕಡಿಮೆ ಎಂಬುದು ಇದರ ತರ್ಕ. ಬಯಲುಸೀಮೆಯಲ್ಲಿ, ಮನೆಗಳು ಒಂದಕ್ಕೊಂದು ತಾಗಿಕೊಂಡಿರುವ ಊರಿನಲ್ಲಿ, ಈ ತರ್ಕ ನಿಲ್ಲುತ್ತದೆ. ಕಾರ್ಕಳದ ಒಳನಾಡಿನಲ್ಲಿ ಹಾಗಲ್ಲ. ಇಲ್ಲಿ ಪ್ರತಿ ಮನೆಯೂ ತನ್ನ ಗದ್ದೆ ಮತ್ತು ತೋಟದ ನಡುವೆ ಒಂಟಿಯಾಗಿರುತ್ತದೆ. ಅಂಗನವಾಡಿಗೆ ಹೋಗುವ ದಾರಿ ಗದ್ದೆಯ ಬದುವಿನ ಮೇಲೆ ಸಾಗಿ ಕಾಲುಸಂಕವನ್ನು ದಾಟಿ ಗುಡ್ಡ ಹತ್ತುವುದುಂಟು. ಆಷಾಢದ ಮಳೆಯಲ್ಲಿ ಎಂಟು ತಿಂಗಳ ಬಸುರಿ ದಿನವೂ ಒಂದು ಊಟಕ್ಕಾಗಿ ಈ ದಾರಿಯಲ್ಲಿ ಬಂದುಹೋಗಲಿ ಎಂದು ಬಯಸುವುದು ಕಷ್ಟ. ಬಾಣಂತಿಯನ್ನು ನಲವತ್ತು ದಿನ ಹೊರಗೆ ಕಳುಹಿಸದ ಮನೆಗಳ ಮಾತು ಬೇರೆಯೇ. ಕರಾವಳಿ ಮತ್ತು ಮಲೆನಾಡಿನಿಂದ ಆರಂಭದಲ್ಲಿಯೇ ಎದ್ದ ಈ ಆಕ್ಷೇಪವನ್ನು ಯೋಜನೆಯ ವಿರೋಧವೆಂದು ಎಣಿಸುವ ಅಗತ್ಯವಿರಲಿಲ್ಲ. ಅದು ಭೂಗೋಳದ ವಿವರಣೆಯಾಗಿತ್ತು.

ಮಕ್ಕಳ ಮಟ್ಟಿಗೆ ದಾರಿ ಸುಗಮವಾಗಿದೆ. ಶಾಲೆಯ ಅಕ್ಷರ ದಾಸೋಹ, 2013ರಿಂದ ಕ್ಷೀರಭಾಗ್ಯದ ಹಾಲು, ಇತ್ತೀಚಿನ ಮೊಟ್ಟೆ ಮತ್ತು ಅದನ್ನು ತಿನ್ನದವರಿಗೆ ಬಾಳೆಹಣ್ಣು, ಇವೆಲ್ಲ ನಡೆಯುತ್ತಿವೆ. ಉಡುಪಿಯ ಕೃಷ್ಣಮಠವು ‘ಚಿಣ್ಣರ ಸಂತರ್ಪಣೆ’ಯ ಹೆಸರಿನಲ್ಲಿ ಸುತ್ತಲಿನ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟ ನೀಡುತ್ತ ಬಂದಿರುವುದು ಮಠದ ಅನ್ನದಾನದ ಪರಂಪರೆ ಶಾಲೆಯವರೆಗೆ ಚಾಚಿದುದರ ನಿದರ್ಶನ.

ಆಹಾರ ಕೊಡುವುದು ದಾನವೋ ಚಿಕಿತ್ಸೆಯೋ ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಬಂದದ್ದು ನೆರೆಯ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ಸಂಶೋಧನೆಯಿಂದ. ಜಾರ್ಖಂಡಿನಲ್ಲಿ 2019ರಿಂದ 2022ರವರೆಗೆ ನಡೆದ ಅವರ ಅಧ್ಯಯನದಲ್ಲಿ ಕ್ಷಯರೋಗಿಗಳಿಗೆ ತಿಂಗಳಿಗೆ 10 ಕಿಲೋ ಆಹಾರ ಸಾಮಗ್ರಿ ನೀಡಲಾಯಿತು. ಆಯ್ದ ಪ್ರದೇಶಗಳಲ್ಲಿ ಮನೆಯ ಉಳಿದ ಸದಸ್ಯರಿಗೂ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಹಾಗೂ ಜೀವಸತ್ವದ ಮಾತ್ರೆಗಳನ್ನು ಕೊಡಲಾಯಿತು. ಹಾಗೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ಕಡಿಮೆಯಾಗಿತ್ತು. 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾದ ಬಳಿಕ ಅಕ್ಕಿ ಬೇಳೆಗಳ ಚೀಲವನ್ನು ಲಸಿಕೆಯ ಸಾಲಿನಲ್ಲಿ ನಿಲ್ಲಿಸಿ ಮಾತನಾಡುವುದು ಉತ್ಪ್ರೇಕ್ಷೆಯಾಗಿ ಉಳಿದಿಲ್ಲ. ಚಿಕಿತ್ಸೆಯ ಅವಧಿಯಲ್ಲಿ ರೋಗಿಗಳ ಖಾತೆಗೆ 2018ರಿಂದ ತಿಂಗಳಿಗೆ 500 ರೂಪಾಯಿಯಂತೆ ಜಮಾ ಆಗುತ್ತಿದ್ದ ಪೋಷಣಾ ಸಹಾಯಧನ 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿದೆ. 2022ರಿಂದ ನಿಕ್ಷಯ ಮಿತ್ರರೆಂಬ ಹೆಸರಿನಲ್ಲಿ ದಾನಿಗಳೂ ಸಂಸ್ಥೆಗಳೂ ರೋಗಿಗಳಿಗೆ ಆಹಾರದ ಕಿಟ್ ನೀಡುತ್ತಿದ್ದಾರೆ.

ಉಳಿದದ್ದು ಪಡಿತರದ ಪ್ರಶ್ನೆ, ಮತ್ತು ಕರಾವಳಿಯಲ್ಲಿ ಅದು ಅಕ್ಕಿಯ ಬಣ್ಣದ ಪ್ರಶ್ನೆಯೂ ಹೌದು. ನ್ಯಾಯಬೆಲೆ ಅಂಗಡಿಯಲ್ಲಿ ಬರುವ ಬೆಳ್ತಿಗೆ, ಅಂದರೆ ಬಿಳಿ, ಅಕ್ಕಿ ಇಲ್ಲಿ ದೋಸೆಗೆ, ಕಡುಬಿಗೆ ಸಲ್ಲುತ್ತದೆಯೇ ಹೊರತು ಎರಡು ಹೊತ್ತಿನ ಊಟಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಊಟಕ್ಕೆ ಬೇಕಾದ ಕುಚ್ಚಲಕ್ಕಿಯನ್ನು ಬಡವರೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಸ್ಥಳೀಯ ಭತ್ತವನ್ನೇ ಬೆಂಬಲ ಬೆಲೆಗೆ ಖರೀದಿಸಿ, ಕುಚ್ಚಲಕ್ಕಿ ಮಾಡಿಸಿ, ಉಡುಪಿ ಮತ್ತು ದಕ್ಷಿಣ ಕನ್ನಡದ ಪಡಿತರದಲ್ಲಿ ಕೊಡಬೇಕೆಂಬ ಬೇಡಿಕೆ ಬಹುಕಾಲದ್ದು. ಸರ್ಕಾರವೂ ಅದನ್ನು ಒಪ್ಪಿ ಹೆಜ್ಜೆಯಿಟ್ಟಿತು. ಆದರೆ ಕೇರಳದ ಮಂಕೊಂಬು ಸಂಶೋಧನಾ ಕೇಂದ್ರದಿಂದ ಬಂದು ಇಲ್ಲಿನ ಗದ್ದೆಗಳನ್ನು ಆವರಿಸಿರುವ ಎಂಒ4 ತಳಿಯ ಭತ್ತಕ್ಕೆ ಗಿರಣಿಗಳು ಬೆಂಬಲ ಬೆಲೆಗಿಂತ ಹೆಚ್ಚು ಕೊಡುವುದುಂಟು; ಕೊಯ್ಲು ಅಕ್ಟೋಬರಿನಲ್ಲಿಯೇ ಆರಂಭವಾಗುತ್ತದೆ, ಕಟಾವು ಯಂತ್ರದಿಂದ ಇಳಿದ ಹಸಿ ಭತ್ತವನ್ನು ಒಣಗಿಸಿ ದಾಸ್ತಾನಿಡಲು ಸಣ್ಣ ರೈತನ ಅಂಗಳದಲ್ಲಿ ಜಾಗವಿರುವುದಿಲ್ಲ, ಮತ್ತು ಖರೀದಿ ಕೇಂದ್ರ ಬಾಗಿಲು ತೆರೆಯುವ ಹೊತ್ತಿಗೆ ಆ ಭತ್ತ ಗಿರಣಿಯ ಗೋದಾಮು ಸೇರಿರುತ್ತದೆ.