ಎರಡು ಗಾಲಿಯ ಮೇಲೆ ಮೊದಲ ವರ್ಷ



ನಾನು ಕವಿಯಲ್ಲ, ಕಥೆಗಾರನಂತೂ ಮೊದಲೇ ಅಲ್ಲ. ವಾಣಿಜ್ಯ ಶಾಖೆಯವನು. ಜಮಾ-ಖರ್ಚಿನ ಹೊರತು ಬೇರೆ ಬರವಣಿಗೆ ನನ್ನ ಕೈಯಿಂದ ಆದದ್ದಿಲ್ಲ. ಅಕ್ಕಲಕೋಟ ತಾಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ ಕಲಿತದ್ದಷ್ಟೇ ನನ್ನ ಸಾಹಿತ್ಯದ ಬಂಡವಾಳ. ಆದರೂ ನಮ್ಮ ಸಂಪಾದಕರು ಬಿಡಲಿಲ್ಲ. "ನಿನಗೇನು ಗೊತ್ತೈತಿ ಅದನ್ನ ಬರಿ" ಎಂದು ಗಂಟು ಬಿದ್ದರು. ನನಗೆ ಗೊತ್ತಿರುವುದು ಗಾಡಿಯೊಂದೇ. ಅದೂ ಓಡಿಸಿ ಗೊತ್ತಾದದ್ದಕ್ಕಿಂತ ಬಿದ್ದು ಗೊತ್ತಾದದ್ದು ಹೆಚ್ಚು.

ಈ ವರ್ಷ ನಮ್ಮ ಮಂಡಳದಲ್ಲೇ ನಾಲ್ಕೈದು ಮಂದಿ ಹೊಸದಾಗಿ ಮೋಟಾರ್ ಸೈಕಲ್ ತೆಗೆದುಕೊಂಡಿದ್ದಾರೆ. ನಮ್ಮ ಕಾಕಾನ ಮಗನೂ ಊರಿಂದ ಬಂದು ಇದೇ ಕಾಲೇಜು ಸೇರಿ, ಬಂದ ವಾರದಲ್ಲೇ ಗಾಡಿ ಕೊಂಡಿದ್ದಾನೆ. ಮುಖ್ಯವಾಗಿ ಅವನಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎದುರು ಕೂಡ್ರಿಸಿ ಹೇಳಿದರೆ "ಹೂಂ ಅಣ್ಣಾ, ಹೂಂ" ಅನ್ನುತ್ತಾನೆ, ಕೇಳಿಸಿಕೊಳ್ಳುವುದಿಲ್ಲ. ಅಚ್ಚಾದದ್ದನ್ನಾದರೂ ಓದಿಯಾನು.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. 2024ರ ಜೂನ್ ತಿಂಗಳು, ಪುಣೆಗೆ ಅದೇ ಮೊದಲ ಮಳೆ. ಅಪ್ಪನಿಗೆ ಭೋಸರಿಯ ಕಾರ್ಖಾನೆಯಲ್ಲಿ ಮೊದಲ ಪಾಳಿ. ಬಸ್ಸು ತಪ್ಪಿತ್ತು. "ನಾ ಬಿಟ್ಟ ಬರ್ತೀನಿ ನಡೀ ಅಪ್ಪಾ" ಎಂದು ಎಬ್ಬಿಸಿಕೊಂಡು ಹೊರಟವನು ನಾನೇ. ನನ್ನದು 2016ರ ಮಾದರಿಯ 150 ಸಿ.ಸಿ. ಗಾಡಿ, ಎರಡನೇ ಕೈಯದು, ತೆಗೆದುಕೊಂಡು ಮೂರು ತಿಂಗಳಾಗಿತ್ತು. ಮನೆಯಲ್ಲಿ ಹೆಲ್ಮೆಟ್ ಒಂದೇ ಇತ್ತು. ಹಾಕಿಕೋ ಎಂದು ಅಪ್ಪನ ಕೈಗೆ ಕೊಟ್ಟೆ. "ಹಿಂದ ಕೂತಾವಗ ಎದಕ ಬೇಕೋ? ಗಾಡಿ ನಡಸಾಂವ ನೀ, ನೀ ಹಾಕ್ಕೋ" ಅಂದ. ನಾನೂ ಹೆಚ್ಚಿಗೆ ವಾದಿಸಲಿಲ್ಲ.

ಗಟಾರದ ಕೆಲಸಕ್ಕೆ ಅಗೆದ ಒಂದು ತಿರುವಿನಲ್ಲಿ ರಸ್ತೆಗೆ ಕಬ್ಬಿಣದ ಹಲಗೆ ಹಾಸಿದ್ದರು. ನಾನು ಬಲಕ್ಕೆ ಬಾಗುತ್ತಿದ್ದೆ. ಎದುರಿಗೆ ರಿಕ್ಷಾ ಗಕ್ಕನೆ ನಿಂತಿತು. ನಾನು ಬಲಗಾಲಿನಿಂದ ಹಿಂದಿನ ಬ್ರೇಕನ್ನು ಜೀವ ಬಿಟ್ಟು ತುಳಿದೆ. ಹಿಂದಿನ ಗಾಲಿ ಹಲಗೆಯ ಮೇಲೆ ಸಾಬೂನಿನ ಹಾಗೆ ಜಾರಿತು. ವೇಗ 30ಕ್ಕಿಂತ ಹೆಚ್ಚಿರಲಿಲ್ಲ. ನನ್ನ ಹೆಲ್ಮೆಟ್ಟಿನ ಬಲಭಾಗದಲ್ಲಿ ಅಂಗೈಯಗಲ ತೆರಚಿದ ಗುರುತು ಬಿತ್ತು, ತಲೆಗೆ ಏನೂ ಆಗಲಿಲ್ಲ. ಅಪ್ಪನ ಹಣೆಗೆ ಐದು ಹೊಲಿಗೆ ಬಿದ್ದವು, ಬಲ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರು. ಗುತ್ತಿಗೆಯ ಕೆಲಸಗಾರನಿಗೆ ಆರು ವಾರ ಎಂದರೆ ಆರು ವಾರದ ಪಗಾರ. ಅಪ್ಪ ಇವತ್ತಿನವರೆಗೂ ನನಗೆ ಒಂದು ಮಾತು ಬೈದಿಲ್ಲ. ಬೈದಿದ್ದರೆ ಚಲೋ ಇತ್ತು.

ಆಮೇಲೆ ನಾನು ಆ ಗಾಡಿಯನ್ನು ನಮ್ಮ ಗಲ್ಲಿಯ ಮಿಸ್ತ್ರಿಯ ಹತ್ತಿರ ಒಯ್ದೆ. ಆತ ಹಿಂದಿನ ಟಾಯರಿನ ಮೇಲೆ ಬೆರಳಿಟ್ಟು "ಇದನ್ನ ಓದೀಯೇನು?" ಎಂದು ಕೇಳಿದ. ಟಾಯರಿನ ಪಕ್ಕದಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ನನ್ನದರ ಮೇಲೆ 2316 ಎಂದಿತ್ತು. ಅಂದರೆ 2016ನೇ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗಾಡಿಯ ಜೊತೆ ಬಂದ ಟಾಯರು, ಎಂಟು ವರ್ಷ ತಿರುಗಿ ಬೋಳಾಗಿತ್ತು. ಟಾಯರಿನ ಗೆರೆಗಳ ಆಳದಲ್ಲಿ ಅಲ್ಲಲ್ಲಿ ಸಣ್ಣ ದಿಂಡು ಇರುತ್ತದೆ. ಅದು ಎಲ್ಲಿದೆ ಎಂದು ತೋರಿಸಲು ಅಂಚಿನಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರ ಅಥವಾ ತ್ರಿಕೋನದ ಗುರುತು ಹಾಕಿರುತ್ತಾರೆ. ಸವೆದು ಸವೆದು ಮೇಲ್ಮೈ ಆ ದಿಂಡಿಗೆ ಸಮನಾಯಿತೆಂದರೆ ಟಾಯರಿನ ಆಯುಷ್ಯ ಮುಗಿಯಿತು. ಗೆರೆಗಳ ಕೆಲಸ ನೀರನ್ನು ಹೊರಗೆ ತಳ್ಳುವುದು. ಗೆರೆ ಇಲ್ಲದಿದ್ದರೆ ಒಣ ರಸ್ತೆಯಲ್ಲಿ ನಡೆದೀತು, ಮಳೆಯಲ್ಲಿ ನಡೆಯದು. ಎರಡನೇ ಕೈ ಗಾಡಿ ಕೊಳ್ಳುವವರು ಬಣ್ಣ, ಸೈಲೆನ್ಸರಿನ ಸದ್ದು ನೋಡುವ ಮೊದಲು ಆ ನಾಲ್ಕು ಅಂಕಿ ಓದಿರಿ. ನಾನು ಬಣ್ಣ ನೋಡಿದ್ದೆ.

ಹವಾದ ಮಾತೂ ಅಷ್ಟೇ. ನನ್ನ ಗಾಡಿಗೆ ಮುಂದೆ 25, ಹಿಂದೆ ಒಬ್ಬನೇ ಇದ್ದರೆ 28, ಇಬ್ಬರಿದ್ದರೆ 32 ಪೌಂಡು ಬೇಕು. ನಿಮ್ಮ ಗಾಡಿಯದು ಬೇರೆ ಇದ್ದೀತು, ಅದರ ಪುಸ್ತಕದಲ್ಲಿ ಬರೆದಿರುತ್ತದೆ. ಅಂದು ನೋಡಿದರೆ ಹಿಂದೆ ಇದ್ದದ್ದು 20. ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಹೆಚ್ಚು ಓಡುವ ಮುಂಚೆ ತೋರಿಸಬೇಕು. ಟಾಯರು ಬಿಸಿಯಾದ ಮೇಲೆ ಅಂಕಿ ಏರಿ ಸುಳ್ಳು ಹೇಳುತ್ತದೆ.

ಇನ್ನು ಬ್ರೇಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ನನಗೆ ಗಾಡಿ ಕಲಿಸಿದವರು ನಮ್ಮ ಸೋದರಮಾಮ. ಅವರದು ಯಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮಾಮಾನ ಯಜ್ಡಿ ಇನ್ನೂ ಉಸಿರಾಡುತ್ತದೆ. ಕಿಕ್ಕು ಮತ್ತು ಗೇರು ಎರಡಕ್ಕೂ ಒಂದೇ ಲಿವರಿರುವ ಆ ವಿಚಿತ್ರ ಯಂತ್ರದ ಮೇಲೆ ಕೂಡ್ರಿಸಿ ಮಾಮಾ ಕೊಟ್ಟ ಮೊದಲ ಉಪದೇಶ: "ಮುಂದಿನ ಬ್ರೇಕ್ ಮುಟ್ಟಬ್ಯಾಡ, ಡಬ್ಬ ಬೀಳ್ತಿ." ಊರಿನ ಹುಡಿಮಣ್ಣಿನ ದಾರಿಯಲ್ಲಿ ಆ ಮಾತು ಪೂರಾ ಸುಳ್ಳಲ್ಲ. ಸಡಿಲ ಮಣ್ಣಿನಲ್ಲಿ ಮುಂದಿನ ಗಾಲಿ ಕಚ್ಚಿ ನಿಂತರೆ ಗಾಡಿ ಒರಗುತ್ತದೆ. ಆದರೆ ಡಾಂಬರಿನ ಮೇಲೆ ಇದೇ ಮಾತು ಜೀವಕ್ಕೆ ಎರವು. ಗಾಡಿ ನಿಧಾನವಾಗುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುವುದಿಲ್ಲವೇ, ಹಾಗೆ. ಮುಂದಿನ ಗಾಲಿ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಗಾಲಿಯನ್ನು ಜೋರಾಗಿ ಹಿಡಿದರೆ ಅದು ತಿರುಗುವುದನ್ನು ಬಿಟ್ಟು ಜಾರತೊಡಗುತ್ತದೆ. ಗಾಡಿಯನ್ನು ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನ ಬ್ರೇಕಿನಲ್ಲಿದೆ. ಆದರೆ ಅದನ್ನು ಹಿಸುಕಬೇಕು, ಜಗ್ಗಬಾರದು. ನಿಂಬೆಹಣ್ಣು ಹಿಂಡುವ ಹಾಗೆ: ಮೊದಲು ಮೆಲ್ಲಗೆ, ಭಾರ ಮುಂದೆ ಬಂದ ಮೇಲೆ ಗಟ್ಟಿಯಾಗಿ. ಹಿಂದಿನದನ್ನು ಜೊತೆಗೆ ಹಗುರಾಗಿ.

ಅಪ್ಪನ ಪ್ಲಾಸ್ಟರು ತೆಗೆದ ಮೇಲೆ ಒಂದು ರವಿವಾರ ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಇದನ್ನು ಪ್ರಯೋಗ ಮಾಡಿ ನೋಡಿದೆ. ತಾಸಿಗೆ 30 ಕಿ.ಮೀ. ವೇಗದಲ್ಲಿ ಬಂದು, ಗೆರೆ ದಾಟುತ್ತಲೇ ಬರೀ ಹಿಂದಿನ ಬ್ರೇಕು ಹಾಕಿದರೆ ನಿಲ್ಲಲು 14 ಹೆಜ್ಜೆ ಬೇಕಾಯಿತು. ಎರಡೂ ಸೇರಿಸಿದರೆ 8. ಆ ಆರು ಹೆಜ್ಜೆಯಲ್ಲಿ ಒಂದು ರಿಕ್ಷಾ ಆರಾಮಾಗಿ ನಿಲ್ಲುತ್ತದೆ.

ಇನ್ನೊಂದು ಲೆಕ್ಕ. 40ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಪಾಯ ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಹೋಗಿಯೇ ಬಿಡುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ಇಮ್ಮಡಿ ಅಲ್ಲ, ನಾಲ್ಕು ಪಟ್ಟು. ಚಕ್ರಬಡ್ಡಿ ಕಲಿತ ನಾವು ಇದಕ್ಕೆ ಆಶ್ಚರ್ಯಪಡಬಾರದು.

125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಕಡ್ಡಾಯವಾಗಿದೆ. ಗಾಲಿ ಕಚ್ಚಿ ನಿಲ್ಲದಂತೆ ಅದು ಬ್ರೇಕನ್ನು ತಾನೇ ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುತ್ತದೆ. ನನ್ನ ಹಳೆಯದಕ್ಕೆ ಇಲ್ಲ, ತಮ್ಮನದಕ್ಕೆ ಇದೆ. ಆದರೆ ಅನೇಕ ಗಾಡಿಗಳಲ್ಲಿ ಅದು ಮುಂದಿನ ಗಾಲಿಗೆ ಮಾತ್ರ ಇರುತ್ತದೆ. ಬಾಗಿದ ಗಾಡಿಯನ್ನು ಒದ್ದೆ ಕಬ್ಬಿಣದ ಮೇಲೆ ಎತ್ತಿ ಹಿಡಿಯುವ ಯಂತ್ರವಂತೂ ಅದಲ್ಲ. ಬಾಗಿದಾಗ ಟಾಯರಿನ ಹಿಡಿತದ ಒಂದು ಪಾಲು ತಿರುಗುವುದಕ್ಕೇ ಖರ್ಚಾಗಿರುತ್ತದೆ, ಉಳಿದದ್ದಷ್ಟೇ ಬ್ರೇಕಿಗೆ. ಆದ್ದರಿಂದ ತಿರುವಿಗೆ ಮುಂಚೆ, ನೆಟ್ಟಗಿರುವಾಗಲೇ ವೇಗ ಇಳಿಸಬೇಕು. ಮೊದಲ ಮಳೆಯ ದಿನ ಇನ್ನೂ ಜೋಕೆ. ಬೇಸಿಗೆಯೆಲ್ಲ ರಸ್ತೆಗೆ ಸುರಿದ ಆಯಿಲ್ಲು, ಧೂಳು ನೀರಿನ ಜೊತೆ ಕಲೆತು ಲೋಳೆಯಾಗಿರುತ್ತದೆ. ಒಂದು ಜೋರು ಮಳೆ ತೊಳೆದ ಮೇಲೆ ರಸ್ತೆ ಎಷ್ಟೋ ವಾಸಿ. ಝೀಬ್ರಾ ಪಟ್ಟಿಯ ಬಣ್ಣ, ಗಟಾರದ ಮುಚ್ಚಳ, ಕಬ್ಬಿಣದ ಹಲಗೆ, ಇವುಗಳ ಮೇಲೆ ಬಾಗುವುದೂ ಬೇಡ, ಬ್ರೇಕೂ ಬೇಡ. ನೆಟ್ಟಗೆ ದಾಟಿಬಿಡಿ.

ಲೈಸೆನ್ಸಿನ ಪರೀಕ್ಷೆ ಪಾಸಾದವನಿಗೆ ಇದೆಲ್ಲ ಬರುತ್ತದೆ ಎಂದು ತಿಳಿಯಬೇಡಿರಿ. ನಾನು ಎಂಟರ ಆಕಾರ ತಿರುಗಿಸಿ, ಕಾಲು ನೆಲಕ್ಕೆ ಊರದೆ ಪಾಸಾದೆ. ಹತ್ತೇ ನಿಮಿಷ. ಅಲ್ಲಿ ಯಾರೂ ಜೋರಾಗಿ ಬ್ರೇಕ್ ಹಾಕಿ ತೋರಿಸು ಎನ್ನಲಿಲ್ಲ. ಕಚ್ಚಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಪರೀಕ್ಷೆಗೆ ಹೋಗಬಹುದು. ನಮ್ಮ ಹುಡುಗರು 31ನೇ ದಿನ ಹೋಗಿ ನಿಲ್ಲುತ್ತಾರೆ. ಆ ಆರು ತಿಂಗಳನ್ನು ಕಲಿಯಲಿಕ್ಕೆ ಬಳಸಿದರೆ ಯಾರು ಬೇಡ ಅಂತಾರೆ? ಎಲ್ ಫಲಕ ಇರುವಾಗ, ಕಲಿಸುವವರನ್ನು ಬಿಟ್ಟು ಬೇರೆಯವರನ್ನು ಹಿಂದೆ ಕೂಡ್ರಿಸುವಂತಿಲ್ಲ ಎಂಬ ನಿಯಮವೂ ಇದೆ. ಹಿಂದೆ ಒಬ್ಬರು ಕೂತರೆ ಗಾಡಿಯ ಸ್ವಭಾವವೇ ಬದಲಾಗುತ್ತದೆ. ನಿಲ್ಲಲು ದೂರ ಬೇಕು, ತಿರುವಿನಲ್ಲಿ ತೂಗುತ್ತದೆ. ನಾನು ಲೈಸೆನ್ಸ್ ಕೈಗೆ ಬಂದ ಮರುದಿನವೇ ಇಬ್ಬರನ್ನು ಕೂಡ್ರಿಸಿಕೊಂಡು ಚಹಾ ಕುಡಿಯಲು ಹೋಗಿದ್ದೆ. ಬರೆಯಲು ನಾಚಿಕೆಯಾಗುತ್ತದೆ.

ಕಣ್ಣಿನ ವಿಷಯ ಒಂದು ಮಾತು. ಗಾಡಿ ನೀವು ನೋಡಿದ ಕಡೆಗೆ ಹೋಗುತ್ತದೆ. ತಗ್ಗನ್ನು ತಪ್ಪಿಸಬೇಕೆಂದು ತಗ್ಗನ್ನೇ ದಿಟ್ಟಿಸುತ್ತ ಹೋದರೆ ಅದರೊಳಗೇ ಇಳಿಯುತ್ತೀರಿ. ಪಕ್ಕದ ಒಳ್ಳೆಯ ರಸ್ತೆಯನ್ನು ನೋಡಬೇಕು. ಬಸ್ಸು, ಟ್ರಕ್ಕುಗಳ ಎಡ ಮಗ್ಗುಲಲ್ಲಿ ನುಗ್ಗುವ ಚಟ ಈ ಊರಿನ ನಮಗೆಲ್ಲ ಇದೆ. ಅವರ ಕನ್ನಡಿಯಲ್ಲಿ ನಿಮಗೆ ಡ್ರೈವರನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ. ಅವನು ಎಡಕ್ಕೆ ತಿರುಗಿದರೆ ನಿಮಗೆ ಜಾಗವಿಲ್ಲ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳ ಮುಂದಿನ ದೀಪ ಹಗಲಲ್ಲೂ ಉರಿಯುತ್ತಲೇ ಇರುವುದು ಇದೇ ಕಾರಣಕ್ಕೆ, ಬೇರೆಯವರ ಕಣ್ಣಿಗೆ ಬೀಳಲೆಂದು. ತಮ್ಮ ಅದನ್ನು ಊರಿಗೆ ಒಯ್ದಾಗ ದಾರಿಯುದ್ದಕ್ಕೂ ಮಂದಿ "ಲೈಟ್ ಹತ್ಯಾದ ನೋಡೋ" ಎಂದು ಕೂಗಿದರಂತೆ. ನಾಲ್ಕು ಮಂದಿಗೆ ವಿವರಿಸಿ ಐದನೆಯವನಿಗೆ ಕೈ ಮುಗಿದನಂತೆ.

ಹೆಲ್ಮೆಟ್ಟಿನ ಬಗ್ಗೆ ಪುಣೆಯಲ್ಲಿ ಬರೆಯುವುದು ಧೈರ್ಯದ ಕೆಲಸ. 2019ರ ಜನವರಿಯಲ್ಲಿ ಪೊಲೀಸರು ಅದನ್ನು ಬಿಗಿ ಮಾಡಿದಾಗ ಇಲ್ಲಿ ವಿರೋಧದ ಮೋರ್ಚಾ ಹೊರಟಿತ್ತು. ಸೆಕೆ, ಕೂದಲು ಉದುರುತ್ತದೆ, ಊರೊಳಗೆ ಯಾಕೆ, ಎಲ್ಲ ವಾದಗಳನ್ನೂ ಕೇಳಿದ್ದೇನೆ. ಕೇಂದ್ರ ಸಾರಿಗೆ ಖಾತೆಯ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತವರು. ಹಿಂದ ಕೂತಾವಗ ಎದಕ ಬೇಕು ಎಂಬ ಪ್ರಶ್ನೆಗೆ ಉತ್ತರ ಆ ಕೊನೆಯ ಸಂಖ್ಯೆಯಲ್ಲಿದೆ. ಕಾನೂನೂ ಇಬ್ಬರಿಗೂ ಬೇಕೆನ್ನುತ್ತದೆ. 2021ರ ಜೂನ್‌ನಿಂದ ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟ್ ಮಾರುವಂತಿಲ್ಲ, ಆದರೂ ಫುಟ್‌ಪಾತಿನ ಮೇಲೆ ಟೋಪಿಯಂಥವು ಸಿಗುತ್ತವೆ. ಒಳ್ಳೆಯದರ ಒಳಗೆ ದಪ್ಪ ಥರ್ಮಾಕೋಲಿನ ಪದರು ಇರುತ್ತದೆ. ಪೆಟ್ಟನ್ನು ತಾನು ನುಂಗಿ ಒಳಗೊಳಗೇ ಚಪ್ಪಟೆಯಾಗುವುದೇ ಅದರ ಕೆಲಸ. ಹಾಗಾಗಿ ಒಮ್ಮೆ ಪೆಟ್ಟು ತಿಂದದ್ದು ಹೊರಗಿನಿಂದ ಚೆನ್ನಾಗಿ ಕಂಡರೂ ಮತ್ತೆ ಉಪಯೋಗವಿಲ್ಲ. ಪಟ್ಟಿ ಬಿಗಿಯದೆ ಹಾಕಿಕೊಂಡರೆ ನಿಮಗಿಂತ ಮೊದಲು ಅದೇ ಹಾರಿಹೋಗುತ್ತದೆ.

ಗೆಳತಿಯರಿಗೆ ಒಂದು ಸೂಚನೆ: ಹಿಂದೆ ಕೂಡ್ರುವಾಗ ಓಢಣಿ, ಸೆರಗುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಿರಿ. ಹಿಂದಿನ ಗಾಲಿಯ ಪಕ್ಕದ ಜಾಳಿ ಅಂದಗೆಡಿಸುತ್ತದೆಂದು ಹುಡುಗರು ಬಿಚ್ಚಿಸಿಬಿಡುತ್ತಾರೆ. ಬಿಚ್ಚಿಸಿದವನ ಗಾಡಿ ಹತ್ತಬೇಡಿರಿ.

ಉಸ್ತುವಾರಿಯಲ್ಲಿ ನಾವೇ ಮಾಡಬಹುದಾದದ್ದು ಚೈನು. ಸುಮಾರು 500 ಕಿ.ಮೀ.ಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಒರೆಸಿ ಎಣ್ಣೆ ಹಾಕಬೇಕು. ಬಹಳ ಸಡಿಲವಾದರೆ ಹಲ್ಲು ಬಿಟ್ಟು ಕಳಚುತ್ತದೆ, ಬಹಳ ಬಿಗಿಯಾದರೆ ಬೇರಿಂಗ್ ತಿನ್ನುತ್ತದೆ. ಎಷ್ಟು ಸಡಿಲ ಇರಬೇಕೆಂಬುದು ಗಾಡಿಯ ಪುಸ್ತಕದಲ್ಲಿದೆ. ದಯವಿಟ್ಟು ಇದೊಂದನ್ನು ಕೇಳಿರಿ: ಇಂಜಿನ್ ಚಾಲೂ ಇಟ್ಟು, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯಬೇಡಿರಿ. ಬಟ್ಟೆಯ ಜೊತೆ ಬೆರಳೂ ಹೋಗುತ್ತದೆ. ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ, ಗಾಲಿಯನ್ನು ಕೈಯಿಂದ ತಿರುಗಿಸಿ ಒರೆಸಬೇಕು. ಇಂಜಿನ್ ಆಯಿಲ್ಲು ಮೋಟಾರ್ ಸೈಕಲ್ಲಿನದೇ ಇರಲಿ. ಬಹುತೇಕ ಗಾಡಿಗಳಲ್ಲಿ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಅಗ್ಗವೆಂದು ಕಾರಿನದು ಹಾಕಿದರೆ ಜಾರುತ್ತದೆ.

ವಿಮೆಯ ಪಾಠವನ್ನೂ ನಾನು ತಡವಾಗಿಯೇ ಕಲಿತೆ, ಅದೂ ಬಿ.ಕಾಂ. ವಿದ್ಯಾರ್ಥಿ! ನಮ್ಮಲ್ಲಿದ್ದದ್ದು ಬರೀ ಥರ್ಡ್ ಪಾರ್ಟಿ ಪಾಲಿಸಿ. ಅದು ಎದುರಿನವರಿಗೆ ಆದ ನಷ್ಟಕ್ಕೆ. ನಮ್ಮ ಹಿಂದೆ ಕೂತವರ ಗಾಯಕ್ಕೆ ಸಾಮಾನ್ಯವಾಗಿ ಅದರಿಂದ ಏನೂ ಬರುವುದಿಲ್ಲ. ಪಾಲಿಸಿ ಮಾಡಿಸುವಾಗ ಹಿಂದಿನ ಸವಾರರಿಗೂ ರಕ್ಷಣೆ ಇದೆಯೇ ಎಂದು ಕೇಳಿರಿ. ಎರಡನೇ ಕೈ ಗಾಡಿಯಾದರೆ ಆರ್.ಸಿ. ಪುಸ್ತಕದ ಜೊತೆ ಪಾಲಿಸಿಯಲ್ಲೂ ಹೆಸರು ಬದಲಾಯಿಸಿಕೊಳ್ಳಿರಿ, 14 ದಿನದೊಳಗೆ ಅರ್ಜಿ ಕೊಡಬೇಕು.

ಅಭ್ಯಾಸಬಲದಿಂದ ನನ್ನ ವಹಿಯಲ್ಲಿ ಎರಡು ಕಾಲಂ ಬರೆದಿಟ್ಟಿದ್ದೇನೆ. ಎಡಕ್ಕೆ: ಹಿಂದಿನ ಟಾಯರು 2,100, ಎರಡನೇ ಹೆಲ್ಮೆಟ್ 1,150, ಹವಾ ಪುಕ್ಕಟೆ. ಬಲಕ್ಕೆ: ಅಪ್ಪನ ಆರು ವಾರದ ಪಗಾರ 26,000, ದವಾಖಾನೆಯದು ಬೇರೆ. ಮಣಿಕಟ್ಟು ಮೊದಲಿನಂತೆ ಪೂರ್ತಿ ತಿರುಗುವುದಿಲ್ಲ. ಅದನ್ನು ಯಾವ ಖಾತೆಗೆ ಬರೆಯಬೇಕೆಂದು ನಮ್ಮ ಪಠ್ಯಪುಸ್ತಕದಲ್ಲಿಲ್ಲ.

ಅಪ್ಪ ಏಳೆಂಟು ತಿಂಗಳು ಬಸ್ಸಿನಲ್ಲೇ ಹೋದ. ಹೋದ ಚಳಿಗಾಲದಲ್ಲಿ ಒಂದು ದಿನ ಬಸ್ಸು ತಪ್ಪಿದಾಗ, ಗೂಟಕ್ಕೆ ತೂಗುಹಾಕಿದ್ದ ಎರಡನೇ ಹೆಲ್ಮೆಟ್ ತಾನೇ ತೆಗೆದುಕೊಂಡು ಹೊರಗೆ ಬಂದು ನಿಂತ. "ಈ ಪಟ್ಟಿ ಹೆಂಗ ಹಾಕತಾರೋ ಇದು?" ಅಂದ. ಹಾಕಿಕೊಟ್ಟೆ.

ಬರುವ ರವಿವಾರ ಬೆಳಿಗ್ಗೆ 7ಕ್ಕೆ ಕಾಲೇಜಿನ ಹಿಂದಿನ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿರುತ್ತೇನೆ. ಹೊಸ ಗಾಡಿಯವರು ಬನ್ನಿರಿ. ಬರುವಾಗ ಚೈನು ಒರೆಸಲು ಒಂದು ಹಳೆಯ ಬಟ್ಟೆ ತನ್ನಿರಿ. ಎಣ್ಣೆಯ ಡಬ್ಬಿ ನನ್ನ ಹತ್ತಿರ ಇದೆ.