ಕಡಿಮೆ ಬಂದಷ್ಟೂ ಒಳ್ಳೆಯ ಅಂಕ

ಪರೀಕ್ಷೆಯಲ್ಲಿ 27ಕ್ಕೆ 27 ಬಂದರೆ ನೀವು ಕುಣಿದಾಡ್ತೀರಿ. ಆದರೆ ಅಷ್ಟು ಅಂಕ ಯಾರಿಗೂ ಬರಬಾರದ ಪ್ರಶ್ನೆಪತ್ರಿಕೆಯೊಂದಿದೆ: ಪಿಎಚ್‌ಕ್ಯು-9. ಕಳೆದ ಎರಡು ವಾರ ನಿದ್ದೆ ಸರಿಯಿತ್ತಾ, ಹಸಿವಿತ್ತಾ, ಯಾವುದರಲ್ಲೂ ಆಸಕ್ತಿಯೇ ಇಲ್ಲ ಅನ್ನಿಸಿತಾ? ಹೀಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಮೊತ್ತ 10 ಅಥವಾ ಹೆಚ್ಚಾದರೆ ಖಿನ್ನತೆ ಇರಬಹುದು. ಮೊಬೈಲ್ ಬರೀ ಕೂಡಿಸಿ ಕೊಡುತ್ತೆ. ಹೌದೋ ಅಲ್ಲವೋ ಹೇಳೋದು ವೈದ್ಯರು.

ಊರೂರಿಗೆ ಮನೋವೈದ್ಯರು ಎಲ್ಲಿಂದ ಬರಬೇಕು? ಗೋವಾದ ಸಂಗಾತ್ ಸಂಸ್ಥೆ ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಗಳ ಮಾತಿನ ಚಿಕಿತ್ಸೆ ಕೊಡಿಸಿತು. ಮನಸ್ಸು ಕುಗ್ಗಿದಾಗ ನಾವು ಆಟ, ಗೆಳೆಯರು, ಕೆಲಸ ಎಲ್ಲ ಬಿಡ್ತೇವೆ. ಬಿಟ್ಟಷ್ಟೂ ಅದು ಇನ್ನಷ್ಟು ಕುಗ್ಗುತ್ತೆ. ಆ ಸುತ್ತು ಮುರಿಯಲು ಚಿಕ್ಕದೊಂದು ಕೆಲಸ ಮತ್ತೆ ಶುರು ಮಾಡಿಸ್ತಾರೆ, ಗಿಡಕ್ಕೆ ನೀರು ಹಾಕುವಷ್ಟು ಚಿಕ್ಕದು. (ಇಷ್ಟೇನಾ ಅಂತ ನನಗೂ ಅನ್ನಿಸಿತ್ತು.) ಮಾಮೂಲಿ ಆರೈಕೆ ಮಾತ್ರ ಸಿಕ್ಕವರಿಗಿಂತ ಇವರಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡರು. ಮುಂದೆ ಅದೇ ತರಬೇತಿ ಮಧ್ಯಪ್ರದೇಶದ ಆಶಾ ಕಾರ್ಯಕರ್ತೆಯರಿಗೆ ಮೊಬೈಲ್ ಪಾಠವಾಯಿತು.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್‌ಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416, ಉಚಿತ, ಹಗಲೂ ರಾತ್ರಿ. ಕನ್ನಡವೂ ಇದೆ, ಕೊಯಮತ್ತೂರಿನ ಕುರಿಚಿಯವರಿಗೆ ತಮಿಳೂ ಇದೆ. ನಿಮಗೋ ಗೆಳೆಯರಿಗೋ ಎರಡು ವಾರದಿಂದ ಏನೂ ಬೇಡ ಅನ್ನಿಸ್ತಿದ್ದರೆ ಮನೆಯವರಿಗೋ ಟೀಚರಿಗೋ ಹೇಳಿ, ಜತೆಗೆ ಕೂತು ಕರೆ ಮಾಡಿ. ಸ್ಮಾರ್ಟ್‌ಫೋನ್ ಬೇಕಿಲ್ಲ; ಅಜ್ಜನ ಗುಂಡಿ ಫೋನೂ ಸಾಕು.