ಕ್ಯೋಟೋದಲ್ಲಿ ಶುದ್ಧ ಸಸ್ಯಾಹಾರ

ಜಪಾನಿನ ಕ್ಯೋಟೋ ನಗರದಲ್ಲಿ ದೇಗುಲಗಳನ್ನು ನೋಡುವ ಸಂತಸದ ಜೊತೆಗೆ ನಮಗೆ ಊಟದ ಚಿಂತೆಯೂ ಇತ್ತು. ಮೊದಲ ದಿನ ಅಂಗಡಿಯೊಂದರಲ್ಲಿ ತರಕಾರಿ ಬೆರೆತ ಗೋಧಿ ಶಾವಿಗೆಯ ಬಟ್ಟಲನ್ನು ನಂಬಿಕೆಯಿಂದ ಕೈಗೆತ್ತಿಕೊಂಡೆವು. ವಿಚಾರಿಸಲಾಗಿ, ಅದರ ತಿಳಿಸಾರು ಒಣಮೀನಿನ ಚೂರು ಕುದಿಸಿದ ‘ದಾಶಿ’ ಎಂದು ತಿಳಿಯಿತು. ಹಸಿದೇ ಎದ್ದೆವು.

ಮರುದಿನ ಅರಶಿಯಾಮದ ತೆನ್ರ್ಯೂಜಿ ಝೆನ್ ಮಠದ ಭೋಜನಶಾಲೆಯಲ್ಲಿ ‘ಶೋಜಿನ್ ರ್ಯೋರಿ’ ಎಂಬ ಮಠದೂಟ ದೊರೆಯಿತು. ಅದರಲ್ಲಿ ಮಾಂಸ, ಮೀನುಗಳಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಸಾರಿಗೆ ಕಡಲಪಾಚಿ ಹಾಗೂ ಒಣ ಅಣಬೆಗಳದೇ ರುಚಿ.

ಅಡುಗೆಯೂ ಸಾಧನೆಯೇ ಎಂದು ಝೆನ್ ಗುರು ದೋಗೆನ್ 1237ರಲ್ಲಿಯೇ ಗ್ರಂಥ ರಚಿಸಿದ್ದರು. ಕಾಯಕ, ದಾಸೋಹಗಳನ್ನು ನಂಬಿದ ನಮಗೆ ಆ ಮಾತು ಪರಕೀಯವೆನಿಸಲಿಲ್ಲ.

ಅಲ್ಲಿಗೆ ಹೋಗುವ ಶರಣಬಂಧುಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ‘ಮೀನಿನ ದಾಶಿಯೂ ಬೇಡ’ ಎಂಬುದನ್ನು ಜಪಾನಿ ಲಿಪಿಯಲ್ಲಿ ಬರೆಸಿಕೊಂಡು ಹೋಗುವುದು ಕ್ಷೇಮ.